ಕ್ಲಾಸಿಗೆ 20 ಮಕ್ಕಳು: ಈ ಲೆಕ್ಕ ಎಲ್ಲಿಂದ ಬಂತು?

ಕ್ಲಾಸಿನಲ್ಲಿ ಮಕ್ಕಳು ಕಡಿಮೆ ಇದ್ದರೆ ಪಾಠ ಚೆನ್ನಾಗಿ ತಲೆಗೆ ಹತ್ತುತ್ತದೆ. ಒಂದನೇ ಕ್ಲಾಸಿನ ಯಾವ ಮೇಷ್ಟ್ರನ್ನು ಕೇಳಿದರೂ ಹೌದು ಅನ್ನುತ್ತಾರೆ. ಈ ನಂಬಿಕೆಯ ಮೇಲೆ ನನಗೆ ತಕರಾರಿಲ್ಲ. "ಇದಕ್ಕೂ ಪುರಾವೆ ಬೇಕಾ?" ಎಂದು ಕೇಳುತ್ತಾರಲ್ಲ, ಅದರ ಮೇಲೆ ಮಾತ್ರ ಭಾರಿ ತಕರಾರಿದೆ. ಶಾಸಕರ ಸಮಿತಿಯ ಮೇಜಿನ ಮೇಲೆ ಈ ವಿಷಯ ಬಂದಾಗ ಬರೀ ಒಳ್ಳೆಯದು ಅಂದರೆ ಸಾಲದು. ಎಷ್ಟು ಒಳ್ಳೆಯದು? ಅದಕ್ಕೆ ಎಷ್ಟು ದುಡ್ಡು? ಅದೇ ದುಡ್ಡನ್ನು ಬೇರೆ ಕಡೆ ಹಾಕಿದರೆ ಇನ್ನೂ ಜಾಸ್ತಿ ಸಿಗುತ್ತಿತ್ತಾ? ಅಮೆರಿಕದ ಟೆನ್ನೆಸ್ಸೀ, ಕ್ಯಾಲಿಫೋರ್ನಿಯಾ ರಾಜ್ಯಗಳು ಚಿಕ್ಕ ಮಕ್ಕಳ ಕ್ಲಾಸಿಗೆ 20 ಎಂದು ಗೊತ್ತುಮಾಡಿದವು. ಆ 20 ಎಲ್ಲಿಂದ ಬಂತು ಎಂಬುದೇ ಈ ಕಥೆ.

ಸುಮ್ನೆ ಒಂದು ಲೆಕ್ಕ ಹಾಕಿ. ಒಂದೂರಿನಲ್ಲಿ 660 ಮಕ್ಕಳು. ಕ್ಲಾಸಿಗೆ 22 ಮಕ್ಕಳಾದರೆ 30 ಕ್ಲಾಸು ಸಾಕು. 15ಕ್ಕೆ ಇಳಿಸಿದರೆ 44 ಕ್ಲಾಸು ಬೇಕು. ಕ್ಲಾಸಿನಲ್ಲಿ ಕಡಿಮೆಯಾದದ್ದು ಮೂರರಲ್ಲಿ ಒಂದು ಪಾಲು, ಆದರೆ ಟೀಚರುಗಳೂ ಕೋಣೆಗಳೂ ಹತ್ತಿರಹತ್ತಿರ ಒಂದೂವರೆ ಪಟ್ಟಾದವು. ಶಾಲೆಯ ಖರ್ಚಿನಲ್ಲಿ ದೊಡ್ಡ ಪಾಲು ಸಂಬಳವೇ. ಹಾಗಾಗಿ ಚಿಕ್ಕ ಕ್ಲಾಸು ಬಲು ದುಬಾರಿ ಸುಧಾರಣೆ.

ಅಮೆರಿಕದಲ್ಲಿ ಈ ಖರ್ಚಿನ ಬಹುಪಾಲನ್ನು ರಾಜ್ಯಗಳೂ ಸ್ಥಳೀಯ ಆಡಳಿತಗಳೂ ಹೊರುತ್ತವೆ. ಕೇಂದ್ರ ಸರ್ಕಾರ ಕೊಡುವುದು ನೂರಕ್ಕೆ ಹತ್ತರ ಆಸುಪಾಸು. ಅದಕ್ಕೇ ನಿಜವಾದ ಜಗಳ ನಡೆಯುವುದು ವಾಷಿಂಗ್ಟನ್ನಿನಲ್ಲಲ್ಲ, ರಾಜ್ಯಗಳ ರಾಜಧಾನಿಗಳಲ್ಲಿ. ಟೆನ್ನೆಸ್ಸೀ ರಾಜ್ಯದ ನ್ಯಾಶ್‌ವಿಲ್ ನಗರವನ್ನೇ ನೋಡಿ. ಅಲ್ಲಿ ಶಾಲೆಯ ಮಸೂದೆ ಮೊದಲು ಶಿಕ್ಷಣ ಸಮಿತಿಗೆ ಹೋಗುತ್ತದೆ. ಟೀಚರುಗಳು, ತಂದೆತಾಯಿ, ಸಂಘದವರು, ಅಧಿಕಾರಿಗಳು ಬಂದು ತಮ್ಮ ಮಾತು ಹೇಳುತ್ತಾರೆ. ಮಸೂದೆಯ ಜೊತೆಗೆ ಖರ್ಚಿನ ಟಿಪ್ಪಣಿ ಇರುತ್ತದೆ. ರಾಜ್ಯಕ್ಕೆ ಎಷ್ಟು ಹೊರೆ, ಕೌಂಟಿಗಳಿಗೆ (ನಮ್ಮ ಜಿಲ್ಲೆಗಳಂಥವು) ಎಷ್ಟು, ಎಲ್ಲವೂ ಅದರಲ್ಲಿ. ಶಿಕ್ಷಣ ಸಮಿತಿ ಒಪ್ಪಿದರೂ ಖರ್ಚಿನ ಮಸೂದೆ ಹಣಕಾಸು ಸಮಿತಿಯನ್ನು ದಾಟಲೇಬೇಕು. ಅಲ್ಲಿ ಅದನ್ನು "ಬಜೆಟ್ಟಿನ ಹಿಂದೆ" ಇಡುತ್ತಾರೆ. ಬಜೆಟ್ ಮುಗಿಯಲಿ, ದುಡ್ಡು ಉಳಿದರೆ ನೋಡೋಣ ಅಂತ. ಯಾರೂ ವಿರೋಧಿಸದ, ಎಲ್ಲರೂ ತಲೆಯಾಡಿಸಿದ ಮಸೂದೆಗಳೂ ಅಲ್ಲೇ ಕೂತು ಕೂತು ಸಾಯುತ್ತವೆ.

1984ರಲ್ಲಿ ಟೆನ್ನೆಸ್ಸೀಯ ಗವರ್ನರ್ ಲಾಮಾರ್ ಅಲೆಕ್ಸಾಂಡರ್ ಶಾಲೆಗಳ ಸುಧಾರಣೆಗೆಂದು ಮಾರಾಟ ತೆರಿಗೆಯನ್ನು ಡಾಲರಿಗೆ ಒಂದು ಸೆಂಟ್ ಏರಿಸಿದ್ದರು. ಮರುವರ್ಷ ಚಿಕ್ಕ ಕ್ಲಾಸಿನ ಬೇಡಿಕೆ ಬಂತು. ಅದರ ಬೆನ್ನು ಹತ್ತಿದವರಲ್ಲಿ ಮುಖ್ಯರು ಹೆಲೆನ್ ಪೇಟ್-ಬೇನ್. ಈಕೆ ಅಮೆರಿಕದ ಅತಿದೊಡ್ಡ ಶಿಕ್ಷಕರ ಸಂಘದ ಅಧ್ಯಕ್ಷೆಯಾಗಿದ್ದವರು. ಕೈಯಲ್ಲಿ ಪುರಾವೆಯೂ ಇತ್ತು. ಸಂಶೋಧಕರಾದ ಜೀನ್ ಗ್ಲಾಸ್ ಮತ್ತು ಮೇರಿ ಲೀ ಸ್ಮಿತ್ 1978ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ, ಕ್ಲಾಸು 15ರ ಆಸುಪಾಸಿಗೆ ಇಳಿದಾಗ ಲಾಭ ಚೆನ್ನಾಗಿ ಕಾಣುತ್ತದೆ ಎಂದಿದ್ದರು. ಅತ್ತ ಇಂಡಿಯಾನ ರಾಜ್ಯ ಆಗಲೇ ಕ್ಲಾಸುಗಳನ್ನು ಚಿಕ್ಕದು ಮಾಡಲು ಶುರುಮಾಡಿತ್ತು. ಆದರೆ ಸರಿಯಾಗಿ ಹೋಲಿಸಿ ನೋಡಲು ಅಲ್ಲಿ ಇನ್ನೊಂದು ಗುಂಪು ಇರಲಿಲ್ಲ.

ದುಡ್ಡಿನ ಮೊತ್ತ ನೋಡಿ ಶಾಸಕರಿಗೆ ಅನುಮಾನ. ಪೂರ್ತಿ ಬೇಡ ಅನ್ನಲು ಮನಸ್ಸಿಲ್ಲ, ಪೂರ್ತಿ ಹೂಂ ಅನ್ನಲು ಧೈರ್ಯವಿಲ್ಲ. ಇಂಥ ಇಕ್ಕಟ್ಟಿನಲ್ಲಿ ಸಮಿತಿಗಳು ಸಾಮಾನ್ಯವಾಗಿ ಇನ್ನೊಂದು ಸಮಿತಿ ರಚಿಸುತ್ತವೆ. ಇವರು ಬೇರೆ ಕೆಲಸ ಮಾಡಿದರು. ವರ್ಷಕ್ಕೆ ಸುಮಾರು 30 ಲಕ್ಷ ಡಾಲರಿನಂತೆ ನಾಲ್ಕು ವರ್ಷ ದುಡ್ಡು ಕೊಡುತ್ತೇವೆ, ಪ್ರಯೋಗ ಮಾಡಿ ತೋರಿಸಿ ಎಂದರು. ಹಾಗೆ ಹುಟ್ಟಿದ್ದು ಸ್ಟಾರ್ ಪ್ರಯೋಗ. ಶಿಕ್ಷಣದಲ್ಲಿ ಈವರೆಗೆ ನಡೆದ ಅತ್ಯಂತ ಮುಖ್ಯ ಪ್ರಯೋಗಗಳಲ್ಲಿ ಇದೂ ಒಂದು. ಅದನ್ನು ಮಾಡಿಸಿದ್ದು ರಾಜಕಾರಣಿಗಳು ಎಂಬುದೇ ನನಗೆ ಇದರಲ್ಲಿ ತುಂಬಾ ಇಷ್ಟವಾದ ಸಂಗತಿ.

ಪ್ರಯೋಗ ಯಾಕೆ ಬೇಕು? ಚಿಕ್ಕ ಕ್ಲಾಸಿರುವ ಶಾಲೆ, ದೊಡ್ಡ ಕ್ಲಾಸಿರುವ ಶಾಲೆ ಎರಡನ್ನೂ ನೋಡಿ ಅಂಕ ಹೋಲಿಸಿದರಾಗದೆ? ಆಗದು. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ನೂರಕ್ಕೆ ನೂರು ಎಂದು ಬ್ಯಾನರ್ ಕಟ್ಟುವ ಶಾಲೆಗಳಿವೆ. ಒಂಬತ್ತನೇ ಕ್ಲಾಸಿನಲ್ಲೇ ಕಷ್ಟಪಡುವ ಮಕ್ಕಳಿಗೆ ಟಿಸಿ ಕೊಟ್ಟು ಕಳಿಸಿದರೆ ನೂರಕ್ಕೆ ನೂರು ಬಾರದೆ ಇನ್ನೇನು? ಬ್ಯಾನರ್ ನೋಡಿ ಲಕ್ಷ ಲಕ್ಷ ಫೀಸು ಕಟ್ಟುವವರಿಗೂ, ಗಿಳಿ ತೆಗೆದ ಕಾರ್ಡು ನೋಡಿ ವ್ಯಾಪಾರ ಶುರುಮಾಡುವವರಿಗೂ ನನಗೆ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇಡೀ ಕಥೆಯ ಜೀವ ಇಲ್ಲಿದೆ. ಮಂಡ್ಯದ ಕಡೆ ನಾಲೆಯ ಮೇಲ್ಭಾಗದ ಗದ್ದೆಗೆ ಹೊಸ ಗೊಬ್ಬರ, ಕೊನೆಭಾಗದ ಗದ್ದೆಗೆ ಹಳೆ ಗೊಬ್ಬರ ಹಾಕಿದಿರಿ ಅನ್ನಿ. ಮೇಲಿನ ಗದ್ದೆಯಲ್ಲಿ ಬೆಳೆ ಜೋರಾಗಿ ಬಂತು. ಗೊಬ್ಬರದಿಂದ ಬಂತಾ, ನೀರಿನಿಂದ ಬಂತಾ? ಹೇಳಲಾಗದು. ಸರಿ, ನೀರಿನ ವ್ಯತ್ಯಾಸ ಕಳೆದು ಲೆಕ್ಕ ಹಾಕೋಣ ಅಂದಿರಿ. ಹಾಗಾದರೆ ಮಣ್ಣು? ಮೇಲಿನ ಗದ್ದೆಯ ರೈತ ಸ್ವಲ್ಪ ಅನುಕೂಲಸ್ಥನಾಗಿದ್ದರೆ ಅವನು ಹಾಕಿದ ಕೂಲಿ? ಬಿತ್ತನೆಯ ದಿನ? ನಿಮಗೆ ಹೊಳೆದ ಕಾರಣಗಳನ್ನು ಕಳೆಯಬಹುದು, ಹೊಳೆಯದ ಕಾರಣಗಳನ್ನು ಏನು ಮಾಡುತ್ತೀರಿ? ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರಕ್ಕೆ 1919ರಲ್ಲಿ ಸೇರಿದ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಕೊಟ್ಟ ಉತ್ತರ ಬಹಳ ಸರಳ. ಗದ್ದೆಯನ್ನು ಸಣ್ಣ ಸಣ್ಣ ಮಡಿಗಳಾಗಿ ಮಾಡಿ, ಯಾವ ಮಡಿಗೆ ಯಾವ ಗೊಬ್ಬರ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಿ. ಚೀಟಿಗೆ ನೀರೂ ಗೊತ್ತಿಲ್ಲ, ಮಣ್ಣೂ ಗೊತ್ತಿಲ್ಲ. ಹಾಗಾಗಿ ಒಳ್ಳೆಯ ಮಡಿಗಳು, ಕೆಟ್ಟ ಮಡಿಗಳು ಎರಡೂ ಕಡೆ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗುತ್ತವೆ. ನಿಮಗೆ ಹೊಳೆದ ಕಾರಣಗಳೂ ಹಂಚಿಹೋಗುತ್ತವೆ, ಹೊಳೆಯದವೂ ಹಂಚಿಹೋಗುತ್ತವೆ. ಕೊನೆಗೆ ಉಳಿಯುವ ವ್ಯತ್ಯಾಸ ಗೊಬ್ಬರದ್ದು, ಜೊತೆಗೆ ಒಂದಿಷ್ಟು ಆಕಸ್ಮಿಕ. ಆ ಆಕಸ್ಮಿಕ ಎಷ್ಟಿರಬಹುದು ಎಂಬುದಕ್ಕೂ ಲೆಕ್ಕವಿದೆ.

ಅಂದಹಾಗೆ, ಈ ಉಪಾಯ ಪೂರ್ತಿ ಫಿಶರನದ್ದೇ ಅಲ್ಲ. 1884ರ ಸುಮಾರಿಗೇ ಅಮೆರಿಕದಲ್ಲಿ ಚಾರ್ಲ್ಸ್ ಪೀರ್ಸ್ ಮತ್ತು ಜೋಸೆಫ್ ಜಾಸ್ಟ್ರೋ ತೂಕದ ಸಣ್ಣ ವ್ಯತ್ಯಾಸವನ್ನು ಮನುಷ್ಯ ಎಷ್ಟರಮಟ್ಟಿಗೆ ಗುರುತಿಸಬಲ್ಲ ಎಂದು ಪರೀಕ್ಷಿಸಿದ್ದರು. ಯಾವ ತೂಕ ಮೊದಲು ಎಂಬುದನ್ನು ಅವರು ಇಸ್ಪೀಟು ಎಲೆ ಕಲಸಿ ತೀರ್ಮಾನಿಸುತ್ತಿದ್ದರು. ಜೂಜಿನ ಸಾಮಾನು ಸತ್ಯ ಹುಡುಕಲು ಒದಗಿತು.

ಟೆನ್ನೆಸ್ಸೀಗೆ ವಾಪಸ್ ಬರೋಣ. ಕಾಯಿದೆಯಲ್ಲೇ ಹೇಳಿತ್ತು: ನಗರದ ಒಳಗಿನ ಬಡ ಪ್ರದೇಶ, ಪಟ್ಟಣ, ಹೊರವಲಯ, ಹಳ್ಳಿ, ಎಲ್ಲ ಕಡೆಯ ಶಾಲೆಗಳೂ ಇರಬೇಕು. ರಾಜ್ಯದ ನಾಲ್ಕು ವಿಶ್ವವಿದ್ಯಾಲಯಗಳು ಕೈಜೋಡಿಸಿದವು. ಒಟ್ಟು 79 ಶಾಲೆಗಳು ಸೇರಿದವು. ಸೇರಬೇಕೆಂದರೆ ಶಾಲೆಯ ಕಿಂಡರ್‌ಗಾರ್ಟನ್‌ನಲ್ಲಿ, ಅಂದರೆ ನಮ್ಮ ಯುಕೆಜಿ ವಯಸ್ಸಿನವರು, ಕನಿಷ್ಠ 57 ಮಕ್ಕಳಿರಬೇಕಿತ್ತು. ಯಾಕೆ 57? ಪ್ರತಿ ಶಾಲೆಯಲ್ಲೂ ಮೂರು ಬಗೆಯ ಕ್ಲಾಸು ಇರಲೇಬೇಕು. 13ರಿಂದ 17 ಮಕ್ಕಳ ಚಿಕ್ಕ ಕ್ಲಾಸು ಒಂದು, 22ರಿಂದ 25 ಮಕ್ಕಳ ಮಾಮೂಲಿ ಕ್ಲಾಸು ಒಂದು, ಅಷ್ಟೇ ಮಕ್ಕಳಿದ್ದು ಟೀಚರಿಗೆ ಒಬ್ಬ ಸಹಾಯಕಿಯೂ ಇರುವ ಕ್ಲಾಸು ಇನ್ನೊಂದು. 13, 22, 22 ಕೂಡಿಸಿ, 57. ಈ ಒಂದು ಷರತ್ತಿನಲ್ಲಿ ಎಂಥ ಜಾಣತನ ಇದೆ ನೋಡಿ. ಮೂರೂ ಕ್ಲಾಸು ಒಂದೇ ಸೂರಿನ ಕೆಳಗಿರುವುದರಿಂದ ಹೆಡ್‌ಮಾಸ್ಟರ್ ಒಬ್ಬರೇ, ಊರು ಒಂದೇ, ಮಧ್ಯಾಹ್ನದ ಊಟ ಒಂದೇ. ಯಾವ ಮಗು ಯಾವ ಕ್ಲಾಸಿಗೆ, ಯಾವ ಟೀಚರ್ ಯಾವ ಕ್ಲಾಸಿಗೆ ಎಂಬುದು ಚೀಟಿಯ ಕೈಯಲ್ಲಿ. ಮೊದಲ ವರ್ಷ 6,000ಕ್ಕೂ ಹೆಚ್ಚು ಮಕ್ಕಳು. ಮೂರನೇ ಕ್ಲಾಸು ಮುಗಿಯುವ ಹೊತ್ತಿಗೆ ಬಂದುಹೋದವರೆಲ್ಲ ಸೇರಿ ಸುಮಾರು 11,600.

ಮಕ್ಕಳ ಭವಿಷ್ಯವನ್ನು ಚೀಟಿ ಎತ್ತಿ ನಿರ್ಧರಿಸುವುದಾ ಎಂದು ಸಿಟ್ಟಾಗುವವರಿದ್ದಾರೆ. ಚೀಟಿ ಇಲ್ಲದಿದ್ದರೆ ಯಾರು ನಿರ್ಧರಿಸುತ್ತಾರೆ? ಪರಿಚಯ, ಶಿಫಾರಸು, ಜೋರು ಬಾಯಿ. ಇಲ್ಲೂ ಅದು ನುಸುಳದೆ ಇರಲಿಲ್ಲ. ವರ್ಷ ಕಳೆದಂತೆ ನೂರಕ್ಕೆ ಸುಮಾರು ಹತ್ತು ಮಕ್ಕಳು ಒಂದು ಬಗೆಯ ಕ್ಲಾಸಿನಿಂದ ಇನ್ನೊಂದಕ್ಕೆ ಜಾರಿದರು. ಕೆಲವರು ಊರನ್ನೇ ಬಿಟ್ಟರು. ಪ್ರಿನ್ಸ್‌ಟನ್ನಿನ ಅರ್ಥಶಾಸ್ತ್ರಜ್ಞ ಅಲನ್ ಕ್ರೂಗರ್ 1999ರಲ್ಲಿ ಈ ತೂತುಗಳನ್ನೆಲ್ಲ ಗಮನದಲ್ಲಿಟ್ಟುಕೊಂಡು ಲೆಕ್ಕವನ್ನು ಮತ್ತೆ ಮಾಡಿದರು. ಮಗು ಆಮೇಲೆ ಎಲ್ಲಿಗೆ ಹೋಯಿತು ಎಂಬುದನ್ನು ಬಿಟ್ಟು, ಮೊದಲ ಚೀಟಿ ಎಲ್ಲಿಗೆ ಕಳಿಸಿತ್ತು ಎಂಬುದನ್ನೂ ಹಿಡಿದು ನೋಡಿದರು. ಫಲಿತಾಂಶ ಅಲುಗಾಡಲಿಲ್ಲ.

ಏನು ಸಿಕ್ಕಿತು? ನೂರು ಮಕ್ಕಳನ್ನು ಅಂಕದ ಪ್ರಕಾರ ಸಾಲಾಗಿ ನಿಲ್ಲಿಸಿದರೆ, ಚಿಕ್ಕ ಕ್ಲಾಸಿನ ಮೊದಲ ವರ್ಷ ಮಗುವನ್ನು ಸುಮಾರು ನಾಲ್ಕು ಜಾಗ ಮುಂದಕ್ಕೆ ತಳ್ಳಿತು. ಆಮೇಲಿನ ಪ್ರತಿ ವರ್ಷಕ್ಕೆ ಒಂದೊಂದು ಜಾಗ. ಕಪ್ಪು ಮಕ್ಕಳಿಗೆ ಲಾಭ ಇನ್ನೂ ಜಾಸ್ತಿ. ಮ್ಯಾಜಿಕ್ ಅಲ್ಲ, ಆದರೆ ಸುಳ್ಳೂ ಅಲ್ಲ. ಅರ್ಥಶಾಸ್ತ್ರಜ್ಞ ಎರಿಕ್ ಹನುಶೆಕ್‌ರಂಥ ಟೀಕಾಕಾರರು ಲಾಭವೆಲ್ಲ ಮೊದಲ ವರ್ಷದಲ್ಲೇ ಬಂದಿದೆ, ಮುಂದಿನ ವರ್ಷಗಳಿಗೂ ಇಷ್ಟು ಖರ್ಚು ಯಾಕೆ ಎಂದು ಕೇಳಿದರು. ಹಣಕಾಸು ಸಮಿತಿ ಕೇಳಲೇಬೇಕಾದ ಪ್ರಶ್ನೆ ಅದು. ಇನ್ನೊಬ್ಬ ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಸಂಗಡಿಗರು 2011ರಲ್ಲಿ ಅದೇ ಮಕ್ಕಳನ್ನು ದೊಡ್ಡವರಾದ ಮೇಲೆ ತೆರಿಗೆ ದಾಖಲೆಗಳಲ್ಲಿ ಹುಡುಕಿದರು. ಚಿಕ್ಕ ಕ್ಲಾಸಿನವರು ಕಾಲೇಜಿಗೆ ಹೋಗಿದ್ದು ಸ್ವಲ್ಪ ಹೆಚ್ಚು. ಸಂಬಳದಲ್ಲಿ ಮಾತ್ರ ಖಚಿತ ವ್ಯತ್ಯಾಸ ಕಾಣಲಿಲ್ಲ.

ಮತ್ತೆ ಆ ಸಹಾಯಕಿ? ಅಗ್ಗದ ದಾರಿ ಅದೇ ಆಗಿತ್ತು. ಹೊಸ ಕೋಣೆ ಬೇಡ, ಅರ್ಧ ಸಂಬಳದಲ್ಲಿ ಮುಗಿಯುತ್ತದೆ ಎಂದು ಯಾರಿಗಾದರೂ ಅನ್ನಿಸುವಂಥದ್ದು. ಅದರಿಂದ ಹೆಚ್ಚೇನೂ ಆಗಲಿಲ್ಲ. ಇದೊಂದನ್ನು ತಿಳಿದುಕೊಂಡದ್ದೇ ಆ 120 ಲಕ್ಷ ಡಾಲರಿಗೆ ಸಮ ಎನ್ನುವುದು ನನ್ನ ಅಭಿಪ್ರಾಯ.

ಈಗ ನೋಡಿ, ಪ್ರಯೋಗ ಮಾಡಿದ್ದು ಎರಡು ಗಾತ್ರಗಳ ಮೇಲೆ. 13ರಿಂದ 17, ಮತ್ತೆ 22ರಿಂದ 25. ನಡುವಿನ 18, 19, 20, 21 ಬೇಕೆಂದೇ ಖಾಲಿ ಬಿಟ್ಟಿದ್ದರು, ವ್ಯತ್ಯಾಸ ಚೆನ್ನಾಗಿ ಕಾಣಲಿ ಎಂದು. 1992ರಲ್ಲಿ ಟೆನ್ನೆಸ್ಸೀ ತನ್ನ ದೊಡ್ಡ ಶಿಕ್ಷಣ ಕಾಯಿದೆ ಮಾಡಿದಾಗ ಮೂರನೇ ಕ್ಲಾಸಿನವರೆಗೆ ಗೊತ್ತುಮಾಡಿದ್ದು ಎಷ್ಟು? ಸರಾಸರಿ 20, ಗರಿಷ್ಠ 25. ಯಾರೂ ಪರೀಕ್ಷಿಸದ ಆ ಖಾಲಿ ಜಾಗದ ಮಧ್ಯಕ್ಕೇ ಹೋಗಿ ಕೂತರು! ಪ್ರಯೋಗದ ಕಾಗದದಲ್ಲಿ 20 ಎಲ್ಲೂ ಇಲ್ಲ. ಖರ್ಚಿನ ಲೆಕ್ಕದಲ್ಲಿ ನೋಡಿದರೆ ಅರ್ಥವಾಗುತ್ತದೆ. ನಮ್ಮ 660 ಮಕ್ಕಳಿಗೆ 20ರಂತೆ 33 ಕ್ಲಾಸು, ಬರೀ ಮೂರು ಹೆಚ್ಚು.

ಕ್ಯಾಲಿಫೋರ್ನಿಯಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 1996ರಲ್ಲಿ ಅಲ್ಲಿ ಖಜಾನೆ ತುಂಬಿತ್ತು. 1988ರಲ್ಲಿ ಮತದಾರರೇ ಒಪ್ಪಿದ ಪ್ರೊಪೊಸಿಷನ್ 98 ಎಂಬ ನಿಯಮದ ಪ್ರಕಾರ ಅದರಲ್ಲಿ ದೊಡ್ಡ ಪಾಲು ಶಾಲೆಗಳಿಗೆ ಹೋಗಲೇಬೇಕು. ಗವರ್ನರ್ ಪೀಟ್ ವಿಲ್ಸನ್ ಮತ್ತು ಶಾಸಕರು ಜುಲೈ ಹೊತ್ತಿಗೆ ತೀರ್ಮಾನಕ್ಕೆ ಬಂದರು: ಮೂರನೇ ಕ್ಲಾಸಿನವರೆಗೆ 30ರ ಹತ್ತಿರ ಇದ್ದದ್ದನ್ನು 20ಕ್ಕೆ ಇಳಿಸಿದ ಶಾಲೆಗೆ ಮಗುವಿಗೆ 650 ಡಾಲರ್. ಶಾಲೆ ಶುರುವಾಗಲು ಕೆಲವೇ ವಾರ. ಲೈಬ್ರರಿ, ಸಂಗೀತದ ಕೋಣೆ, ಎಲ್ಲ ಕ್ಲಾಸುಗಳಾದವು. ಟೀಚರುಗಳು ಎಲ್ಲಿಂದ ಬರಬೇಕು? ಅನುಕೂಲಸ್ಥ ಊರುಗಳಲ್ಲಿ ಜಾಗ ಖಾಲಿಯಾದವು, ಬಡ ಬಡಾವಣೆಯ ಶಾಲೆಗಳಿಂದ ಅನುಭವಸ್ಥರು ಅತ್ತ ಹೊರಟರು. ಆ ತರಗತಿಗಳಲ್ಲಿ ಪೂರ್ತಿ ಅರ್ಹತೆಯಿಲ್ಲದ ಟೀಚರುಗಳು ನೂರಕ್ಕೆ 2ರ ಆಸುಪಾಸು ಇದ್ದವರು ಎರಡೇ ವರ್ಷಗಳಲ್ಲಿ 12ಕ್ಕೆ ಏರಿದರು. 79 ಶಾಲೆಗೆ ಒಳ್ಳೆಯ ಟೀಚರ್ ಸಿಗುವುದು ಬೇರೆ, ಇಡೀ ರಾಜ್ಯ ಒಂದೇ ಬೇಸಿಗೆಯಲ್ಲಿ ಹುಡುಕಲು ಹೊರಡುವುದು ಬೇರೆ. ಚೀಟಿಯ ಪ್ರಯೋಗ ಈ ಎರಡನೆಯ ಪ್ರಶ್ನೆಯನ್ನು ಕೇಳಿಯೇ ಇರಲಿಲ್ಲ.

ನಿಯಮದ ಅಂಚು ಕೂಡ ಹರಿತವಾಗಿತ್ತು. ಕ್ಲಾಸಿನ ಸರಾಸರಿ 20 ದಾಟಿದರೆ ಆ ಕ್ಲಾಸಿನ ದುಡ್ಡು ಬಂದ್. ಶಾಲೆಗಳು ಹೂಡಿದ ಉಪಾಯ ಇದು. ಎರಡನೇ ಕ್ಲಾಸಿನಲ್ಲಿ 30, ಮೂರನೆಯದರಲ್ಲಿ 30 ಮಕ್ಕಳಿದ್ದರೆ ನಿಯಮದಂತೆ ನಾಲ್ಕು ಟೀಚರ್ ಬೇಕು. ಇತ್ತ ಹತ್ತು, ಅತ್ತ ಹತ್ತು ಎತ್ತಿ ಒಂದು ಮಿಶ್ರ ಕ್ಲಾಸು ಮಾಡಿದರೆ ಮೂರೇ ಸಾಕು. ಈ ಮಿಶ್ರ ಕ್ಲಾಸಿನ ಮಕ್ಕಳ ಅಂಕ ಕುಸಿದದ್ದನ್ನು ಡೇವಿಡ್ ಸಿಮ್ಸ್ ಎಂಬ ಅರ್ಥಶಾಸ್ತ್ರಜ್ಞರು 2008ರಲ್ಲಿ ತೋರಿಸಿದರು.

ನಮಗೆ ಇದು ಹೊಸತಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆ ಹೇಳುವ 30ಕ್ಕೆ ಒಬ್ಬರು ಎಂಬ ಲೆಕ್ಕ ಇಡೀ ಶಾಲೆಯದ್ದು, ಕ್ಲಾಸಿನದ್ದಲ್ಲ. ಐದನೇ ಕ್ಲಾಸಿನವರೆಗೆ 60 ಮಕ್ಕಳವರೆಗೂ ಇಬ್ಬರು ಮೇಷ್ಟ್ರು ಸಾಕು. ಐದು ಕ್ಲಾಸು, ಇಬ್ಬರು ಮೇಷ್ಟ್ರು, ಕಾಗದದಲ್ಲಿ ಎಲ್ಲ ಸರಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ ಬೇರೆಯಾಗಿ ನಿಲ್ಲುವುದು ಇಲ್ಲೇ. ಮಕ್ಕಳು ಬೆರೆತು ಕೂರುವುದನ್ನು ಮುಚ್ಚಿಡದೆ, ಆ ಬೆರಕೆಗೆ ತಕ್ಕಂತೆಯೇ ಕಲಿಕೆಯ ಮೆಟ್ಟಿಲುಗಳನ್ನು ಕಟ್ಟಿದರು.

ಕ್ಯಾಲಿಫೋರ್ನಿಯಾದಲ್ಲಿ ಶತಕೋಟಿಗಟ್ಟಲೆ ಡಾಲರ್ ಸುರಿದ ಮೇಲೆ ಲಾಭವಾಯಿತಾ ಎಂದು ಅಳೆಯಲು ಹೋದವರಿಗೆ ಗಟ್ಟಿ ಉತ್ತರ ಸಿಗಲಿಲ್ಲ. ಬಹುತೇಕ ಎಲ್ಲ ಶಾಲೆಗಳೂ ಒಟ್ಟಿಗೇ ಸೇರಿಬಿಟ್ಟಿದ್ದವು, ಹೋಲಿಸಲು ಹೊರಗೆ ಉಳಿದವರೇ ಇರಲಿಲ್ಲ. 2008ರ ಆರ್ಥಿಕ ಕುಸಿತದ ನಂತರ ನಿಯಮ ಸಡಿಲವಾಯಿತು. 2013ರಲ್ಲಿ ಶಾಲೆಗಳಿಗೆ ಹಣ ಹಂಚುವ ಸೂತ್ರವನ್ನೇ ಹೊಸದಾಗಿ ಬರೆದು, ಮೂರನೇ ಕ್ಲಾಸಿನವರೆಗಿನ ಹೊಸ ಗುರಿಯನ್ನು 24 ಎಂದು ಇಟ್ಟರು. ಟೆನ್ನೆಸ್ಸೀಯ ಪ್ರಯೋಗದಲ್ಲಿ 24 ಮಕ್ಕಳ ಕ್ಲಾಸನ್ನು ಕರೆದದ್ದು ಮಾಮೂಲಿ ಕ್ಲಾಸು ಎಂದು.