ನಕ್ಷತ್ರ ಆಮೆ ಮತ್ತು ಅದರ ಉಣ್ಣೆ

ಹಸುವಿನ ಕಿವಿಯಿಂದಲೂ ಕೆಚ್ಚಲ ಸಂದಿನಿಂದಲೂ ಹರಳುಬೀಜದಂತೆ ಉಬ್ಬಿದ ಉಣ್ಣೆಗಳನ್ನು ಕಿತ್ತು ಸೀಮೆಎಣ್ಣೆಯ ಡಬ್ಬಿಗೆ ಹಾಕುವುದನ್ನು ನೋಡುತ್ತ ಬೆಳೆದ ಮಂಡ್ಯದ ಕಡೆಯವರಿಗೆ, ಉಣ್ಣೆಯ ಕುಲವೂ ಅಳಿದುಹೋಗಬಹುದೆಂದರೆ ನಗು ಬಂದೀತು. (ಲ್ಯಾಟಿನ್ನಿನಲ್ಲಿ ಹರಳಿಗೂ ಉಣ್ಣೆಗೂ ಒಂದೇ ಹೆಸರು.) ಆದರೆ ಆಮೆಯನ್ನೇ ನೆಚ್ಚಿದ ಉಣ್ಣೆಯ ಪಾಡು ಬೇರೆ. ಚಿಪ್ಪು ಗಟ್ಟಿಯಾದ್ದರಿಂದ ಅದು ತೊಡೆಯ ಸಂದು, ಕತ್ತಿನ ಮಡಿಕೆ, ಬಾಲದ ಬುಡಗಳ ಮೆತ್ತನೆಯ ಚರ್ಮವನ್ನು ಹುಡುಕಿ, ಬಾಯನ್ನು ಆಳಕ್ಕೆ ಊರಿ, ದಿನಗಟ್ಟಲೆ ಅಲ್ಲಿಯೇ ಕೂರುತ್ತದೆ; ಒರಟಾಗಿ ಎಳೆದರೆ ಬಾಯಿ ಒಳಗೇ ಮುರಿದುಳಿದು ಗಾಯ ಕೀವುಗಟ್ಟುವುದುಂಟು.

ಈ ನಂಟು ವಿಜ್ಞಾನಕ್ಕೆ ಹೊಸದಲ್ಲ. ಮೆಡಿಟರೇನಿಯನ್ ಸುತ್ತಲಿನ ಆಮೆಗಳ ಉಣ್ಣೆಯೊಂದನ್ನು ಸ್ವೀಡನ್ನಿನ ಜೀವಿವಿಜ್ಞಾನಿ ಲಿನೇಯಸ್ 1758ರಲ್ಲಿಯೇ ಹೆಸರಿಸಿದ್ದ. ಭಾರತ, ಶ್ರೀಲಂಕಾಗಳ ನಕ್ಷತ್ರ ಆಮೆಯನ್ನು ಮುಖ್ಯವಾಗಿ ನೆಚ್ಚಿರುವ ಆಂಬ್ಲಿಯೊಮ್ಮಾ ಕ್ಲೈಪಿಯೊಲೇಟಮ್ ಎಂಬ ಉಣ್ಣೆಗೆ ಫ್ರಾನ್ಸಿನ ನ್ಯೂಮನ್ 1899ರಲ್ಲಿ ಹೆಸರಿಟ್ಟ. ಅಲ್ಲಿಂದ ಮುಂದೆ ಬಹುಕಾಲ ಅದು ಜಾತಿ ಗುರುತಿಸುವವರ ವಿಷಯವಾಗಿಯೇ ಉಳಿಯಿತು.

ಆಮೆಯ ಉಣ್ಣೆ ಸರ್ಕಾರಗಳ ಕಣ್ಣಿಗೆ ಬಿದ್ದದ್ದು ಆಮೆಗಳು ಪೆಟ್ಟಿಗೆಗಳಲ್ಲಿ ಸಮುದ್ರ ದಾಟತೊಡಗಿದ ಮೇಲೆ. ಜಾಂಬಿಯಾದಿಂದ ಫ್ಲಾರಿಡಾಕ್ಕೆ ಬಂದ ಆಮೆಗಳ ಮೇಲಿನ ಉಣ್ಣೆಗಳಲ್ಲಿ ದನ, ಕುರಿ, ಮೇಕೆಗಳನ್ನು ಕೊಲ್ಲುವ ಹಾರ್ಟ್‌ವಾಟರ್ ರೋಗದ ಸೂಕ್ಷ್ಮಾಣು ಪತ್ತೆಯಾಗಿ, 2000ದ ಮಾರ್ಚ್‌ನಲ್ಲಿ ಅಮೆರಿಕವು ಮೂರು ಜಾತಿಯ ಆಫ್ರಿಕನ್ ಆಮೆಗಳ ಆಮದನ್ನು ನಿಲ್ಲಿಸಿತು. 1957ರಲ್ಲಿ ಕ್ಯಾಸನೂರಿನ ಮಂಗನ ಕಾಯಿಲೆಯನ್ನು ಕಂಡ ನಾಡಿಗೆ ಉಣ್ಣೆಯ ಭಯವನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಆದರೆ ಅದನ್ನು ಹರಡುವ ಮಲೆನಾಡಿನ ಉಣುಗು ಬೇರೆಯೇ ಜಾತಿಯದು.

ನಕ್ಷತ್ರ ಆಮೆಯದೂ ಪೆಟ್ಟಿಗೆಯ ಕತೆಯೇ. ಸಾಕಲೆಂದು ಕದ್ದು ಸಾಗಿಸುವವರ ಹಾವಳಿಯಿಂದಾಗಿ 2019ರಲ್ಲಿ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಷೇಧ ಬಿತ್ತು. 2022ರ ತಿದ್ದುಪಡಿಯಲ್ಲಿ ಭಾರತದ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಅದನ್ನು ಅತಿ ಹೆಚ್ಚಿನ ರಕ್ಷಣೆಯ ಮೊದಲ ಅನುಸೂಚಿಗೆ ಏರಿಸಿತು. ವಶಪಡಿಸಿಕೊಂಡ ಆಮೆಗಳ ಹುಟ್ಟೂರು ತಿಳಿಯುವುದು ಕಷ್ಟ. ಕಂಡ ಕುರುಚಲು ಕಾಡಿಗೆ ಬಿಟ್ಟರೆ ಅವುಗಳ ಉಣ್ಣೆಯೂ ಅದರೊಳಗಿನ ರೋಗಾಣುವೂ ಅಲ್ಲಿನ ಆಮೆಗಳಿಗೆ ಹೊಸದಾಗಬಹುದಾದ್ದರಿಂದ, ಮೊದಲು ಬೇರೆ ಇರಿಸಿ ಉಣ್ಣೆ ತೆಗೆಯುವುದು ಸರಿ. ಹೊಲದ ಬದುವಿನಲ್ಲಿ ತನ್ನಷ್ಟಕ್ಕೆ ಮೇಯುವ ಆಮೆಯ ನಾಲ್ಕಾರು ಉಣ್ಣೆಗಳಿಗೆ ಮಾತ್ರ ಈ ಮಾತು ಸಲ್ಲದು. ಗಟ್ಟಿಮುಟ್ಟಾದ ಆಮೆ ಅಷ್ಟನ್ನು ತಾಳಿಕೊಳ್ಳುತ್ತದೆ, ಆಮೆಯೇ ಇಲ್ಲವಾದರೆ ಆ ಉಣ್ಣೆಗೆ ಬೇರೆ ಗತಿಯಿಲ್ಲ.

ತೆಗೆಯಲೇಬೇಕಾದಲ್ಲಿ ಪಶುವೈದ್ಯರು ಚಿಮಟದಿಂದ ಚರ್ಮಕ್ಕೆ ತಾಗುವಂತೆ ಹಿಡಿದು ಮೆಲ್ಲನೆ, ನೇರವಾಗಿ ಎಳೆಯುತ್ತಾರೆ. ಆ ಉಣ್ಣೆ ಹೋಗಬೇಕಾದದ್ದು ಸೀಮೆಎಣ್ಣೆಗಲ್ಲ. ಯಾವ ಆಮೆ, ಎಲ್ಲಿ ಸಿಕ್ಕಿತು, ಯಾವ ದಿನ ಎಂದು ಚೀಟಿ ಅಂಟಿಸಿದ ಸ್ಪಿರಿಟ್ಟಿನ ಸೀಸೆಗೆ.