‘ಅಥವಾ ತತ್ಸಮಾನ’: ಲಕೋಟೆ ತೆರೆಯುವ ಮುನ್ನ ನಡೆದುಹೋಗುವ ಟೆಂಡರ್

ಟೆಂಡರ್ ಕಡತವೊಂದು ಪರಿಶೀಲನೆಗೆ ಬಂದಾಗ ಹೆಚ್ಚಿನವರು ನೇರವಾಗಿ ತುಲನಾತ್ಮಕ ಪಟ್ಟಿಗೆ ಹೋಗುತ್ತಾರೆ. ಯಾರ ದರ ಎಷ್ಟು, ಕಡಿಮೆ ದರದವರಿಗೇ ಕೊಟ್ಟಿದ್ದಾರೆಯೇ, ಲಕೋಟೆ ತೆರೆದಾಗ ಎಲ್ಲರೂ ಸಹಿ ಹಾಕಿದ್ದಾರೆಯೇ ಎಂದು ನೋಡಿ ಕಡತ ಮುಚ್ಚುತ್ತಾರೆ. ಲೆಕ್ಕ ಪರಿಶೋಧನೆಗೆ ಇಳಿದ ಮೊದಲ ಕೆಲವು ವರ್ಷ ನಾನೂ ಹಾಗೆಯೇ ಮಾಡುತ್ತಿದ್ದೆ. ಈಗ ಆ ಪಟ್ಟಿಯನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಸ್ಥಳೀಯ ಸಂಸ್ಥೆಗಳ ಖರೀದಿಯಲ್ಲಿ ಎಡವಟ್ಟು ಆಗಿದ್ದರೆ ಬಹುಪಾಲು ಅದು ಲಕೋಟೆ ತೆರೆಯುವ ಹೊತ್ತಿಗೆ ಆಗಿ ಮುಗಿದಿರುತ್ತದೆ. ಏನು ಬೇಕು, ಎಷ್ಟು ಬೇಕು, ಹೇಗಿರಬೇಕು ಎಂದು ಬರೆದ ಮೊದಲ ನಾಲ್ಕೈದು ಹಾಳೆಗಳಲ್ಲಿ ಅದರ ಸುಳಿವು ಇರುತ್ತದೆ.

‘ಎಷ್ಟು ಬೇಕು’ ಎಂಬುದನ್ನೇ ನೋಡಿ. ಒಂದು ಸಂಸ್ಥೆಯ ವೋಚರುಗಳನ್ನು ತಿರುವುತ್ತಿದ್ದಾಗ ಬೀದಿದೀಪದ ಬಿಡಿಭಾಗಗಳ ಆರು ಬಿಲ್ಲುಗಳು ಸಿಕ್ಕವು. ಆರೂ ಒಬ್ಬನೇ ಸರಬರಾಜುದಾರನವು, ಪ್ರತಿಯೊಂದೂ ಟೆಂಡರ್ ಕರೆಯಲೇಬೇಕಾದ ಮೊತ್ತದ ಮಿತಿಗಿಂತ ಕೂದಲೆಳೆಯಷ್ಟು ಕಡಿಮೆ. ಪ್ರತಿ ಬಿಲ್ಲಿನ ಹಿಂದೆಯೂ ನಿಯಮದಂತೆ ಮೂರು ಕೊಟೇಶನ್‌ಗಳಿದ್ದವು. ಮೂರು ಬೇರೆ ಬೇರೆ ಲೆಟರ್‌ಹೆಡ್, ಮೂರು ಬೇರೆ ಸಹಿ. ಆದರೆ ಮೂರರಲ್ಲಿಯೂ ‘ಹೋಲ್ಡರ್’ ಎಂಬ ಪದ ‘ಹೋಡ್ಲರ್’ ಆಗಿತ್ತು. ಎಂಜಿನಿಯರರನ್ನು ಕೇಳಿದಾಗ ಅವರು ತಡವರಿಸಲಿಲ್ಲ: “ದೀಪಗಳೆಲ್ಲ ಒಂದೇ ದಿನ ಕೆಡುವುದಿಲ್ಲವಲ್ಲ ಸಾರ್.”

ಮಾತು ನಿಜವೇ. ಆದರೆ ವರ್ಷಕ್ಕೆ ಎಷ್ಟು ಕೆಡುತ್ತವೆ ಎಂಬುದು ಹಿಂದಿನ ವರ್ಷದ ದಾಸ್ತಾನು ಪುಸ್ತಕದಲ್ಲಿಯೇ ಇತ್ತು. ಪದೇ ಪದೇ ಬೇಕಾಗುವ ವಸ್ತುವಿನ ಮೌಲ್ಯವನ್ನು ಬಿಲ್ಲಿನ ಲೆಕ್ಕದಲ್ಲಿ ಅಳೆಯಬಾರದು, ಅವಧಿಯ ಲೆಕ್ಕದಲ್ಲಿ ಅಳೆಯಬೇಕು. ಐರೋಪ್ಯ ಒಕ್ಕೂಟದ 2014ರ ಸಾರ್ವಜನಿಕ ಖರೀದಿ ನಿರ್ದೇಶನ ಇದನ್ನು ಬಿಡಿಸಿ ಹೇಳುತ್ತದೆ: ಹಿಂದಿನ 12 ತಿಂಗಳಲ್ಲಿ ಅದೇ ಬಗೆಯ ಖರೀದಿಗೆ ಆದ ಒಟ್ಟು ವೆಚ್ಚವನ್ನು ಹಿಡಿಯಬೇಕು, ಇಲ್ಲವೇ ಮುಂದಿನ 12 ತಿಂಗಳ ಅಂದಾಜನ್ನು ಹಿಡಿಯಬೇಕು. ಆ ಮೊತ್ತ ಮಿತಿ ದಾಟಿದರೆ ಟೆಂಡರ್ ಕರೆಯಬೇಕು. ದೊಡ್ಡ ಖರೀದಿಯನ್ನು ಭಾಗ ಮಾಡುವುದೇ ತಪ್ಪು ಎಂದು ಇದರ ಅರ್ಥವಲ್ಲ. ಸಣ್ಣ ಉದ್ದಿಮೆದಾರರೂ ಸ್ಪರ್ಧಿಸಲೆಂದು ಭಾಗ ಮಾಡುವುದನ್ನು ಅದೇ ನಿರ್ದೇಶನ ಪ್ರೋತ್ಸಾಹಿಸುತ್ತದೆ. ಆದರೆ ಭಾಗಗಳನ್ನೆಲ್ಲ ಕೂಡಿಸಿ ಬರುವ ಮೊತ್ತಕ್ಕೆ ಯಾವ ನಿಯಮವೋ ಪ್ರತಿ ಭಾಗಕ್ಕೂ ಸಾಮಾನ್ಯವಾಗಿ ಅದೇ ನಿಯಮ. ತುಂಡು ಮಾಡಿ ಸ್ಪರ್ಧೆಯನ್ನು ಹಿಗ್ಗಿಸಬಹುದು, ತುಂಡು ಮಾಡಿ ಸ್ಪರ್ಧೆಯನ್ನೇ ತಪ್ಪಿಸಲೂಬಹುದು. ಕತ್ತರಿ ಒಂದೇ.

ಇನ್ನು ‘ಹೇಗಿರಬೇಕು’ ಎಂಬ ಹಾಳೆ. ನಮ್ಮ ವೃತ್ತಿಯಲ್ಲಿ ಇದನ್ನು ಓದುವವರು ಕಡಿಮೆ, ತಾಂತ್ರಿಕ ವಿಷಯ ತಮಗೇಕೆ ಎಂದು ಪುಟ ಮಗುಚುತ್ತಾರೆ. ಐರ್ಲೆಂಡಿನ ಡಂಡಾಕ್ ಪಟ್ಟಣದ ಕತೆ ಇಂಥವರಿಗೆ ಉಪಯುಕ್ತ. ಅಲ್ಲಿನ ಸ್ಥಳೀಯ ಸಂಸ್ಥೆ ನೀರಿನ ಕೊಳವೆ ಮಾರ್ಗಕ್ಕೆ ಟೆಂಡರ್ ಕರೆದಾಗ, ಕೊಳವೆಗಳು 1975ರ ಐರಿಷ್ ಮಾನಕಕ್ಕೆ ತಕ್ಕಂತೆ ಪ್ರಮಾಣೀಕೃತವಾಗಿರಬೇಕು ಎಂಬ ಷರತ್ತು ಹಾಕಿತು. ಕೇಳಲು ನಿರುಪದ್ರವಿ ಷರತ್ತು. ಆದರೆ ಆ ಪ್ರಮಾಣಪತ್ರ ಇದ್ದದ್ದು ಒಂದೇ ಒಂದು ತಯಾರಕ ಸಂಸ್ಥೆಗೆ, ಅದೂ ಐರ್ಲೆಂಡಿನದೇ. ಅಂತರರಾಷ್ಟ್ರೀಯ ಮಾನಕಕ್ಕೆ ತಕ್ಕುದಾದ ಸ್ಪೇನಿನ ಕೊಳವೆಗಳನ್ನು ಬಳಸುವುದಾಗಿ ಹೇಳಿದ ಬಿಡ್ಡು ಅಲ್ಲಿಗೇ ನಿಂತಿತು. ಪ್ರಕರಣ ಐರೋಪ್ಯ ನ್ಯಾಯಾಲಯಕ್ಕೆ ಹೋಯಿತು. 1988ರ ತೀರ್ಪಿನಲ್ಲಿ ನ್ಯಾಯಾಲಯ ಎತ್ತಿ ಆಡಿದ್ದು ಮುಖ್ಯವಾಗಿ ಒಂದು ಕೊರತೆಯನ್ನು: ಮಾನಕದ ಹೆಸರಿನ ಮುಂದೆ ‘ಅಥವಾ ತತ್ಸಮಾನ’ ಎಂಬ ಮಾತು ಇರಲಿಲ್ಲ. ಅದಿದ್ದಿದ್ದರೆ ಆ ಕೊಳವೆಗಳು ನಿಜಕ್ಕೂ ಸರಿಸಮವೇ ಎಂದು ಎಂಜಿನಿಯರರು ಪರೀಕ್ಷಿಸಬಹುದಿತ್ತು. ಇಲ್ಲದ್ದರಿಂದ ಪರೀಕ್ಷೆಗೆ ದಾರಿಯೇ ಇರಲಿಲ್ಲ.

ಇಂಥ ಷರತ್ತುಗಳ ಹಿಂದೆಲ್ಲ ಲಂಚ ಇರುತ್ತದೆ ಎಂದು ನಾನು ಹೇಳುವುದಿಲ್ಲ. ಅರ್ಧಕ್ಕರ್ಧ ಸೋಮಾರಿತನ. ಕಸ ಸಾಗಿಸುವ ವಾಹನ ಬೇಕಾದಾಗ ಗುಮಾಸ್ತರು ಪರಿಚಯದ ಮಾರಾಟಗಾರನಿಗೆ ಫೋನ್ ಮಾಡಿ “ಒಂದು ಸ್ಪೆಸಿಫಿಕೇಶನ್ ಕಳಿಸಿಬಿಡಿ” ಎನ್ನುತ್ತಾರೆ. ಅವನು ತನ್ನ ಕೈಪಿಡಿಯ ಪುಟವನ್ನೇ ಕಳಿಸುತ್ತಾನೆ. ಹೀಗೆ ಬಂದ ಹಾಳೆಯನ್ನು ಗುರುತಿಸುವುದು ಕಷ್ಟವಲ್ಲ. ಅಳತೆಗಳು ವಿಪರೀತ ಕರಾರುವಾಕ್ಕಾಗಿರುತ್ತವೆ. ತೊಟ್ಟಿಯ ಉದ್ದ 2,385 ಮಿಲಿಮೀಟರ್ ಎಂದು ಒಮ್ಮೆ ಓದಿ, ಇದು 2,400 ಆದರೆ ಕಸ ಹಿಡಿಸುವುದಿಲ್ಲವೇ ಎಂದು ಕೇಳಿದ್ದೆ. ಉತ್ತರ ಬರಲಿಲ್ಲ, ಚಹಾ ಬಂತು.

ಹಾಗಾದರೆ ಕೆಲವರಷ್ಟೇ ಪೂರೈಸಬಲ್ಲ ಷರತ್ತುಗಳೆಲ್ಲ ತಪ್ಪೇ? ತರಬೇತಿಗಳಲ್ಲಿ ಸದಸ್ಯರು ಕೇಳುವ ಈ ಪ್ರಶ್ನೆಗೆ ಹೆಲ್ಸಿಂಕಿ ನಗರದ ಬಸ್ ಟೆಂಡರಿನಲ್ಲಿ ಒಳ್ಳೆಯ ಉತ್ತರವಿದೆ. 1997ರಲ್ಲಿ ಆ ನಗರ ತನ್ನ ಬಸ್ ಸೇವೆಗೆ ಬಿಡ್ಡು ಕರೆದು, ಹೊಗೆ ಮತ್ತು ಶಬ್ದ ಕಡಿಮೆ ಇರುವ ಬಸ್ಸುಗಳಿಗೆ ಹೆಚ್ಚುವರಿ ಅಂಕ ಎಂದು ಸಾರಿತು. ಆ ಅಂಕ ಗಿಟ್ಟಿಸುವಂಥ ಬಸ್ಸುಗಳು ಇದ್ದದ್ದು ಬೆರಳೆಣಿಕೆಯವರ ಬಳಿ, ಅವರಲ್ಲಿ ನಗರಾಡಳಿತದ್ದೇ ಸಾರಿಗೆ ಸಂಸ್ಥೆಯೂ ಒಂದು. ಟೆಂಡರ್ ಗೆದ್ದದ್ದೂ ಅದೇ. ಸೋತ ಕಂಪನಿ ಸುಮ್ಮನಿರುತ್ತದೆಯೇ? ಆದರೆ 2002ರಲ್ಲಿ ಐರೋಪ್ಯ ನ್ಯಾಯಾಲಯ ಅಂಥ ಅಂಕಗಳಿಗೆ ಅಡ್ಡಿಯಿಲ್ಲ ಎಂದಿತು. ಅಂಕ ಕೊಂಡುಕೊಳ್ಳುವ ಸೇವೆಗೇ ಸಂಬಂಧಿಸಿರಬೇಕು, ಅಧಿಕಾರಿಗೆ ಮನಬಂದಂತೆ ಹಂಚಲು ಎಡೆ ಇರಬಾರದು, ಟೆಂಡರ್ ದಾಖಲೆಯಲ್ಲಿ ಮುಂಚೆಯೇ ಬರೆದಿರಬೇಕು, ಭೇದಭಾವ ಕೂಡದು; ಇಷ್ಟಿದ್ದರೆ ಕೆಲವರಿಗಷ್ಟೇ ಅದು ಎಟುಕುತ್ತದೆ ಎಂಬ ಒಂದೇ ಕಾರಣಕ್ಕೆ ತಪ್ಪಾಗುವುದಿಲ್ಲ ಎಂಬುದು ಅದರ ನಿಲುವು.

ಡಂಡಾಕ್‌ನಲ್ಲಿ ಒಬ್ಬನೇ ಉಳಿದ, ತಪ್ಪಾಯಿತು. ಹೆಲ್ಸಿಂಕಿಯಲ್ಲಿ ಕೆಲವರೇ ಉಳಿದರು, ಸರಿಯಾಯಿತು. ಹೊಗೆ ಕಡಿಮೆ ಇರುವುದು ಬಸ್ಸಿನಲ್ಲಿ ಓಡಾಡುವ ಊರಿಗೆ ಬೇಕಾದ ಗುಣ. ಪ್ರಮಾಣಪತ್ರದ ಮೇಲಿನ ಮುದ್ರೆ ನೀರಿಗೆ ಬೇಕಾದ ಗುಣವಲ್ಲ, ಸೋರದ ಕೊಳವೆಯಷ್ಟೇ ನೀರಿಗೆ ಬೇಕು. ಕಡತದಲ್ಲಿ ಯಾವುದೇ ಬಿಗಿ ಷರತ್ತು ಕಂಡಾಗ ನಾನು ಹುಡುಕುವುದು ಇದನ್ನೇ: ಇದು ಏಕೆ ಬೇಕು ಎಂದು ಟೆಂಡರ್ ಪ್ರಕಟಣೆಗೂ ಮುನ್ನ ಯಾರಾದರೂ ಟಿಪ್ಪಣಿ ಹಾಳೆಯಲ್ಲಿ ಎರಡು ಸಾಲು ಬರೆದಿದ್ದಾರೆಯೇ? ಬರೆದಿದ್ದರೆ ಒಪ್ಪದಿದ್ದರೂ ಗೌರವಿಸುತ್ತೇನೆ.

ಕಡಿಮೆ ದರವೇ ಎಲ್ಲ ಎಂಬ ಕಾಲವೂ ಸರಿಯುತ್ತಿದೆ. ಬ್ರಿಟನ್ನಿನಲ್ಲಿ 2025ರ ಫೆಬ್ರವರಿ 24ರಂದು ಜಾರಿಗೆ ಬಂದ ಹೊಸ ಖರೀದಿ ಕಾಯಿದೆ, ‘ಆರ್ಥಿಕವಾಗಿ ಅತ್ಯಂತ ಅನುಕೂಲಕರ’ ಬಿಡ್ಡು ಎಂಬ ಹಳೆಯ ಮಾತಿನಿಂದ ‘ಆರ್ಥಿಕವಾಗಿ’ ಎಂಬುದನ್ನು ಕೈಬಿಟ್ಟಿದೆ. ಆಯ್ಕೆ ಪ್ರಕಟಿಸಿದ ಮೇಲೆ ಒಪ್ಪಂದಕ್ಕೆ ಸಹಿ ಹಾಕಲು ಸಾಮಾನ್ಯವಾಗಿ ಎಂಟು ಕೆಲಸದ ದಿನ ಕಾಯಬೇಕೆಂಬ ನಿಯಮವೂ ಅದರಲ್ಲಿದೆ, ಸೋತವರು ಆಕ್ಷೇಪಿಸಲೆಂದು.

ಸಹಿ ಬಿದ್ದಮೇಲೆ ಎಚ್ಚೆತ್ತರೆ ಹೆಚ್ಚಿನ ಪ್ರಯೋಜನವಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನ 1972ರ ಸ್ಥಳೀಯ ಸರ್ಕಾರ ಕಾಯಿದೆಯ 135ನೇ ಸೆಕ್ಷನ್ ಪ್ರತಿ ಸಂಸ್ಥೆಯೂ ಖರೀದಿಗೆ ತನ್ನದೇ ಸ್ಥಾಯಿ ನಿಯಮಗಳನ್ನು ಮಾಡಿಕೊಳ್ಳಬೇಕೆಂದು ವಿಧಿಸುತ್ತದೆ, ಅವುಗಳಲ್ಲಿ ಸ್ಪರ್ಧೆಗೆ ಅವಕಾಶ ಇರಬೇಕೆನ್ನುತ್ತದೆ. ಅದೇ ಸೆಕ್ಷನ್ನಿನ ಕೊನೆಯಲ್ಲಿ, ಆ ನಿಯಮ ಪಾಲಿಸಲಿಲ್ಲ ಎಂಬ ಕಾರಣಕ್ಕೆ ಒಪ್ಪಂದ ಅಸಿಂಧುವಾಗದು ಎಂದೂ ಇದೆ. ಸಂಸ್ಥೆ ತನ್ನ ಮನೆಯ ನಿಯಮ ಪಾಲಿಸಿದೆಯೇ ಎಂದು ವಿಚಾರಿಸುವ ಹೊಣೆ ಹೊರಗಿನ ಮಾರಾಟಗಾರನದಲ್ಲ. ಮೊದಲು ಓದಿದಾಗ ನನಗೆ ಸಿಟ್ಟೇ ಬಂದಿತ್ತು. ಈಗ ನ್ಯಾಯವೆನಿಸುತ್ತದೆ.

ಆ ಆರು ಬಿಲ್ಲುಗಳಿಗೆ ಆಕ್ಷೇಪಣೆ ಬರೆದೆ. ಮರುವರ್ಷ ಅಲ್ಲಿ ಇಡೀ ವರ್ಷದ ಬಿಡಿಭಾಗಗಳಿಗೆ ಒಂದೇ ದರ ಗುತ್ತಿಗೆ ಕರೆದರು, ಐದು ಬಿಡ್ಡುಗಳು ಬಂದವು. ಗೆದ್ದವನು ಅದೇ ಹಳೆಯ ಸರಬರಾಜುದಾರ, ಆದರೆ ತನ್ನದೇ ಹಿಂದಿನ ದರಕ್ಕಿಂತ ಕಡಿಮೆ ಬರೆದಿದ್ದ. ಅವನ ದರಪಟ್ಟಿಯ ಮೂರನೇ ಸಾಲಿನಲ್ಲಿ ‘ಹೋಡ್ಲರ್’ ಮಾತ್ರ ಹಾಗೆಯೇ ಇತ್ತು.