ಮಕ್ಕಳ ಕರುಳಿನ ಉರಿಯೂತ: ಮೊದಲು ಎತ್ತರ ಅಳೆಯಿರಿ

ರಾಯಚೂರು ಕಡೆ ಮಕ್ಕಳ ಒಪಿಡಿಗೆ ಭೇದಿ ಎಂದು ಬಂದರೆ ಯಾರೂ ಬೆಚ್ಚಿಬೀಳುವುದಿಲ್ಲ. ಬಿಸಿಲು, ಕೆಟ್ಟ ನೀರು, ಜಂತುಹುಳು ಅಂತ ಕಾರಣ ಕೈಗೆ ಸಿಕ್ಕೇ ಇರುತ್ತದೆ. ಕರುಳಿನ ದೀರ್ಘಕಾಲದ ಉರಿಯೂತ, ಅಂದರೆ ಇನ್‌ಫ್ಲಮೇಟರಿ ಬವೆಲ್ ಡಿಸೀಸ್ (ಐಬಿಡಿ), ಇರುವ ಮಗು ಈ ಗುಂಪಿನಲ್ಲೇ ಕಳೆದುಹೋಗುತ್ತದೆ. ಹೊಟ್ಟೆನೋವು, ಭೇದಿ, ತೂಕ ಇಳಿಯುವುದು ಇದರ ಲಕ್ಷಣ ಎಂದು ವೈದ್ಯರಾದ ನಾವೆಲ್ಲ ಬಾಯಿಪಾಠ ಮಾಡಿರುತ್ತೇವೆ. ಆದರೆ ಐಬಿಡಿಯ ಒಂದು ಬಗೆಯಾದ ಕ್ರೋನ್ಸ್ ಕಾಯಿಲೆಯ ಮಕ್ಕಳಲ್ಲಿ ಈ ಮೂರೂ ಒಟ್ಟಿಗೆ ಸಿಗುವುದು ಸುಮಾರು ಕಾಲು ಭಾಗದವರಲ್ಲಿ ಮಾತ್ರ. ಕೆಲವರಿಗೆ ಭೇದಿಯೇ ಇರುವುದಿಲ್ಲ. ಮಗು ಎತ್ತರ ಆಗುತ್ತಿಲ್ಲ, ಅಷ್ಟೇ.

ಐಬಿಡಿಯ ಎರಡು ಮುಖ್ಯ ಬಗೆ ನಿಮಗೆ ಗೊತ್ತೇ ಇದೆ. ಅಲ್ಸರೇಟಿವ್ ಕೊಲೈಟಿಸ್ ಗುದನಾಳದಿಂದ ಶುರುವಾಗಿ ದೊಡ್ಡ ಕರುಳಿನ ಒಳಪದರದಲ್ಲಿ ಬಿಡುವಿಲ್ಲದೆ ಹರಡುತ್ತದೆ. ಮಕ್ಕಳಲ್ಲಿ ಇದು ಹೆಚ್ಚಾಗಿ ಇಡೀ ದೊಡ್ಡ ಕರುಳನ್ನೇ ಹಿಡಿಯುತ್ತದೆ. ಕ್ರೋನ್ಸ್ ಬಾಯಿಯಿಂದ ಗುದದವರೆಗೆ ಎಲ್ಲಿ ಬೇಕಾದರೂ, ಬಿಟ್ಟುಬಿಟ್ಟು, ಕರುಳಿನ ಗೋಡೆಯ ಪೂರ್ತಿ ದಪ್ಪಕ್ಕೂ ಬರಬಹುದು.

ಬೆಳವಣಿಗೆ ಯಾಕೆ ನಿಲ್ಲುತ್ತದೆ? ನೋವಿಗೆ ಹೆದರಿ ಮಗು ಕಡಿಮೆ ತಿನ್ನುತ್ತದೆ. ತಿಂದದ್ದು ಸರಿಯಾಗಿ ಹೀರಿಕೆಯಾಗುವುದಿಲ್ಲ. ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಉರಿಯೂತದಲ್ಲಿ ಹೊರಬರುವ ಟಿಎನ್‌ಎಫ್, ಇಂಟರ್‌ಲ್ಯೂಕಿನ್-6 ಮುಂತಾದ ಪ್ರೋಟೀನ್‌ಗಳು ಬೆಳವಣಿಗೆ ಹಾರ್ಮೋನಿನ ಕೆಲಸಕ್ಕೆ ಅಡ್ಡ ಬರುತ್ತವೆ. ಹಾರ್ಮೋನು ಇದ್ದರೂ ಯಕೃತ್ತಿನಲ್ಲಿ ಎಲುಬು ಬೆಳೆಸುವ ಐಜಿಎಫ್-1 ಸಾಕಷ್ಟು ತಯಾರಾಗುವುದಿಲ್ಲ. ಅಂದರೆ ಬರೀ ಊಟ ಜಾಸ್ತಿ ಮಾಡಿಸಿ ಈ ಮಗುವನ್ನು ಬೆಳೆಸಲು ಆಗದು, ಉರಿಯೂತ ಆರಲೇಬೇಕು. ಮಕ್ಕಳ ಐಬಿಡಿಗಾಗಿ ಮಾಡಿದ 2011ರ ಪ್ಯಾರಿಸ್ ವರ್ಗೀಕರಣ ಬೆಳವಣಿಗೆ ಕುಂಠಿತವಾಗಿದೆಯೇ ಎಂಬುದಕ್ಕೇ ಜಿ0 (ಇಲ್ಲ), ಜಿ1 (ಹೌದು) ಎಂದು ಗುರುತು ಕೊಟ್ಟಿತು. ದೊಡ್ಡವರಿಗಾಗಿ ಮಾಡಿದ್ದ ಮಾಂಟ್ರಿಯಲ್ ವರ್ಗೀಕರಣದಲ್ಲಿ ಅದು ಇರಲಿಲ್ಲ.

ನಮ್ಮ ಕಡೆ ಗಿಡ್ಡ, ಬಡಕಲು ಮಗು ಕಂಡರೆ ಅಪೌಷ್ಟಿಕತೆ ಎಂದು ಬರೆದು ಮುಂದೆ ಹೋಗುತ್ತೇವೆ. ಬಹಳ ಸಲ ಅದು ಸರಿಯೇ. ಆದರೆ ಒಂದು ದಿನದ ಅಳತೆಯಿಂದ ಏನೂ ಗೊತ್ತಾಗುವುದಿಲ್ಲ, ವೇಗ ಬೇಕು. ತಾಯಿ ಕಾರ್ಡ್, ಅಂಗನವಾಡಿಯ ತೂಕದ ದಾಖಲೆ, ಶಾಲೆಯ ಆರೋಗ್ಯ ತಪಾಸಣೆಯ ಚೀಟಿ, ಏನಿದ್ದರೂ ತರಲು ಹೇಳಿ. ಹದಿಹರೆಯಕ್ಕೆ ಮುಂಚೆ ಮಗು ವರ್ಷಕ್ಕೆ 5–6 ಸೆಂ.ಮೀ. ಬೆಳೆಯಬೇಕು. 4 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಕಾರಣ ಹುಡುಕಿ. ಹಿಮೋಗ್ಲೋಬಿನ್ ವಿಷಯವೂ ಹೀಗೆಯೇ. ರಕ್ತಹೀನತೆ ಇಲ್ಲಿ ಎಷ್ಟು ಸಾಮಾನ್ಯ ಅಂದರೆ ಕಬ್ಬಿಣದ ಮಾತ್ರೆ ಕೊಟ್ಟು ಕಳಿಸಿಬಿಡುತ್ತೇವೆ. ಮಾತ್ರೆಗೆ ಏರದಿದ್ದರೆ ಉರಿಯೂತದ ಸುಳಿವು ಕೊಡುವ ರಕ್ತ ಪರೀಕ್ಷೆಗಳಾದ ಇಎಸ್‌ಆರ್, ಸಿಆರ್‌ಪಿ, ಅಲ್ಬುಮಿನ್ ನೋಡಿ. ಉರಿಯೂತ ಇದ್ದಾಗ ಕಬ್ಬಿಣದ ಸಂಗ್ರಹ ತೋರಿಸುವ ಫೆರಿಟಿನ್ ತಾನೇ ಏರುತ್ತದೆ, ಅದರ ಮಟ್ಟ ಸರಿಯಿದೆ ಎಂದು ಮೋಸ ಹೋಗಬೇಡಿ. ಬಟ್ಟೆ ಸರಿಸಿ ಗುದದ ಸುತ್ತ ನೋಡುವುದನ್ನೂ ಮರೆಯಬೇಡಿ. ಅಲ್ಲಿನ ಫಿಸ್ಟುಲಾ (ಒಳಗಿನಿಂದ ಚರ್ಮಕ್ಕೆ ತೆರೆದ ಸಣ್ಣ ಸುರಂಗ), ಚರ್ಮದ ದಪ್ಪ ಜೋತು (ಟ್ಯಾಗ್) ಕ್ರೋನ್ಸ್ ಕಡೆ ಬೊಟ್ಟುಮಾಡುತ್ತವೆ.

ಈಗ ನಮ್ಮ ದೊಡ್ಡ ತಲೆನೋವು, ಟಿಬಿ. ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ಜಾಗವೇ ಎರಡಕ್ಕೂ ಇಷ್ಟದ ಜಾಗ. ಅಡ್ಡಡ್ಡ ಹುಣ್ಣು, ನಡುವೆ ಗಿಣ್ಣಿನ ಹಾಗೆ ಸತ್ತ ಅಂಗಾಂಶವಿರುವ (ಕೇಸಿಯೇಶನ್) ಗ್ರಾನುಲೋಮಾ ಎಂಬ ಉರಿಯೂತದ ಗಂಟು, ಎದೆಯ ಎಕ್ಸ್‌ರೇಯಲ್ಲಿ ಮಚ್ಚೆ ಟಿಬಿ ಕಡೆಗೆ. ಉದ್ದುದ್ದ ಹುಣ್ಣು, ನಡುನಡುವೆ ಚೆನ್ನಾಗಿರುವ ಕರುಳು ಕ್ರೋನ್ಸ್ ಕಡೆಗೆ. ಬಯಾಪ್ಸಿಯಲ್ಲಿ ಟಿಬಿ ರೋಗಾಣುವಿನ ಡಿಎನ್‌ಎ ಹುಡುಕುವ ಜೀನ್‌ಎಕ್ಸ್‌ಪರ್ಟ್ ಪರೀಕ್ಷೆ ನೆಗೆಟಿವ್ ಬಂದರೂ ಟಿಬಿ ಇಲ್ಲ ಎನ್ನಲಾಗದು. ಕ್ರೋನ್ಸ್ ಎಂದು ತಿಳಿದು ಟಿಬಿ ಇರುವ ಮಗುವಿಗೆ ಸ್ಟೀರಾಯ್ಡ್ ಕೊಟ್ಟರೆ ಟಿಬಿ ಮೈಯೆಲ್ಲ ಹರಡಬಹುದು. ಟಿಬಿ ಎಂದು ತಿಳಿದು ಕ್ರೋನ್ಸ್ ಮಗುವಿಗೆ ತಿಂಗಳುಗಟ್ಟಲೆ ಟಿಬಿ ಮಾತ್ರೆ ನುಂಗಿಸಿದರೆ ಅಷ್ಟರಲ್ಲಿ ಕರುಳು ಕಿರಿದಾಗುತ್ತಾ ಹೋಗುತ್ತದೆ. ತೀರಾ ಅನುಮಾನವಿದ್ದಾಗ ಟಿಬಿ ಔಷಧ ಶುರುಮಾಡಿ, ಎರಡು-ಮೂರು ತಿಂಗಳಿಗೆ ಮತ್ತೆ ಕೊಲೊನೋಸ್ಕೋಪಿ (ಕ್ಯಾಮೆರಾ ಕೊಳವೆಯಿಂದ ದೊಡ್ಡ ಕರುಳಿನ ಪರೀಕ್ಷೆ) ಮಾಡುತ್ತಾರೆ. ಆಗ ನೋಡಬೇಕಾದ್ದು ಹುಣ್ಣು ಮಾಯ್ದಿದೆಯೇ ಎಂಬುದನ್ನು. "ಮೊದಲಿಗಿಂತ ಆರಾಮ ಇದಾನ್ರಿ" ಎಂಬ ತಾಯಿಯ ಮಾತನ್ನಷ್ಟೇ ನಂಬಿ ಕೂರಬಾರದು.

ಕರುಳಿನ ಉರಿಯೂತದಲ್ಲಿ ಏರುವ, ಮಲದ ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಪ್ರೋಟೀನ್ ಒಳ್ಳೆಯ ಸೋಸುವ ಪರೀಕ್ಷೆ. ಆದರೆ ಸೋಂಕಿನ ಭೇದಿಯಲ್ಲೂ ಅದು ಏರುತ್ತದೆ, ಎಳೆ ಮಕ್ಕಳಲ್ಲಿ ಸಹಜವಾಗಿಯೇ ಜಾಸ್ತಿ. ಮೊದಲು ಮಲದ ಕಲ್ಚರ್, ಅಮೀಬಾ ನೋಡಿ.

ಚಿಕಿತ್ಸೆಯಲ್ಲಿ ನನಗೆ ತುಂಬಾ ಭರವಸೆ ಕೊಡುವುದು ದ್ರವಾಹಾರ ಚಿಕಿತ್ಸೆ. ಕ್ರೋನ್ಸ್ ಮಗುವಿಗೆ 6ರಿಂದ 8 ವಾರ ಪೂರ್ತಿ ಪೋಷಕಾಂಶವಿರುವ ಫಾರ್ಮುಲಾ ಮಾತ್ರ. 2006ರಲ್ಲಿ ಪ್ರಕಟವಾದ ಇಟಲಿಯ ಒಂದು ಪ್ರಯೋಗದಲ್ಲಿ 37 ಮಕ್ಕಳಿದ್ದರು. ಫಾರ್ಮುಲಾ ಕುಡಿದವರಲ್ಲಿ 74% ಮಕ್ಕಳ ಕರುಳಿನ ಒಳಪದರ ಮಾಯ್ದಿತ್ತು, ಸ್ಟೀರಾಯ್ಡ್ ತೆಗೆದುಕೊಂಡವರಲ್ಲಿ 33%. ಸ್ಟೀರಾಯ್ಡ್ ಎಲುಬಿನ ಬೆಳವಣಿಗೆಯನ್ನೂ ತಡೆಯುತ್ತದೆ, ಫಾರ್ಮುಲಾ ಬೆಳೆಸುತ್ತದೆ. ಅಲ್ಸರೇಟಿವ್ ಕೊಲೈಟಿಸ್‌ಗೆ ಮಾತ್ರ ಇದು ನಾಟುವುದಿಲ್ಲ.

ಕಷ್ಟ ಇರುವುದು ಮನೆಯಲ್ಲಿ. ಎಂಟು ವಾರ ರೊಟ್ಟಿ ಇಲ್ಲ, ಅನ್ನ ಇಲ್ಲ, ಮಂಡಕ್ಕಿ-ಮಿರ್ಚಿ ಅಂತೂ ಇಲ್ಲವೇ ಇಲ್ಲ. ಮಗುವನ್ನು ಉಪವಾಸ ಕೆಡವಿದಿರಿ ಎಂದು ಅಜ್ಜಿಗೆ ಅನ್ನಿಸುವುದು ಸಹಜ ಅಲ್ವಾ? ಅಜ್ಜಿಯನ್ನೂ ಕೂರಿಸಿಕೊಂಡು ವಿವರಿಸಿ, ಪ್ರತಿ ವಾರ ತೂಕ ತೋರಿಸಿ. ಊರ ಜಾತ್ರೆ ಯಾವಾಗ ಎಂದು ಮೊದಲೇ ಕೇಳಿ ಶುರುವಾಗುವ ದಿನ ಗೊತ್ತುಮಾಡಿ. ಕಾಸಿ ಆರಿಸಿದ ನೀರಲ್ಲೇ ಕಲಸಲು ಹೇಳಿ. ಫಾರ್ಮುಲಾ ಅಗ್ಗವಲ್ಲ, ಖರ್ಚಿನ ಮಾತನ್ನು ಮೊದಲ ದಿನವೇ ಆಡಿ.

ಅಲ್ಸರೇಟಿವ್ ಕೊಲೈಟಿಸ್ ಸೌಮ್ಯವಿದ್ದರೆ ಕರುಳಿನ ಉರಿಯೂತ ಇಳಿಸುವ ಮೆಸಲಮೈನ್. ತೀವ್ರತೆ ಅಳೆಯಲು, ಲಕ್ಷಣಗಳಿಗೆ ಅಂಕ ಕೊಡುವ ಪ್ಯೂಕಾಯ್ (PUCAI) ಪಟ್ಟಿಯನ್ನು ಕಲಿಯಿರಿ, ಒಟ್ಟು ಅಂಕ 85. ರಕ್ತ ಪರೀಕ್ಷೆಯೇ ಬೇಡ, ತಾಲ್ಲೂಕು ಆಸ್ಪತ್ರೆಯಲ್ಲೂ ಲೆಕ್ಕ ಹಾಕಬಹುದು. 65 ಅಥವಾ ಜಾಸ್ತಿ ಇದ್ದರೆ ದಾಖಲಿಸಿ ರಕ್ತನಾಳಕ್ಕೆ ಸ್ಟೀರಾಯ್ಡ್. ಮೂರನೇ ದಿನ 45 ದಾಟಿದ್ದರೆ ಮುಂದಿನ ಔಷಧಕ್ಕೆ ತಯಾರಿ, ಐದನೇ ದಿನ 65 ದಾಟಿದ್ದರೆ ಅದನ್ನು ಶುರುಮಾಡುವುದು. ದೊಡ್ಡ ಆಸ್ಪತ್ರೆ ದೂರವಿದ್ದರೆ ಐದನೇ ದಿನದವರೆಗೆ ಕಾಯಬೇಡಿ.

ರೋಗನಿರೋಧಕ ಶಕ್ತಿಯನ್ನು ತಗ್ಗಿಸಿ ಉರಿಯೂತ ತಡೆಯುವ ಅಜಾಥಯೋಪ್ರಿನ್ ಕೊಡುವ ಮುಂಚೆ ಎನ್‌ಯುಡಿಟಿ15 ಜೀನ್ ನೆನಪಿರಲಿ. 2014ರಲ್ಲಿ ಕೊರಿಯಾದ ಕ್ರೋನ್ಸ್ ರೋಗಿಗಳಲ್ಲಿ ಗುರುತಿಸಿದ ಇದರ ಒಂದು ರೂಪ ಇರುವವರಲ್ಲಿ ಈ ಔಷಧ ಬಿಳಿ ರಕ್ತಕಣಗಳನ್ನು ಧುತ್ತೆಂದು ಇಳಿಸುತ್ತದೆ. ಭಾರತೀಯರಲ್ಲೂ ಅದು ಅಪರೂಪವಲ್ಲ.

ಆರು ವರ್ಷದೊಳಗಿನ ಮಗುವಾದರೆ ಯೋಚನೆಯ ದಾರಿಯೇ ಬೇರೆ. ಒಂದೇ ಜೀನಿನ ದೋಷ ಇರಬಹುದು. ಇಂಟರ್‌ಲ್ಯೂಕಿನ್-10 ಗ್ರಾಹಕದ ದೋಷವನ್ನು 2009ರಲ್ಲಿ ಗುರುತಿಸಿದರು, ಅಂಥ ಒಂದು ಮಗು ಅಸ್ಥಿಮಜ್ಜೆ ಕಸಿಯಿಂದ ಚೇತರಿಸಿಕೊಂಡಿತು. ಇದು ತಂದೆ-ತಾಯಿ ಇಬ್ಬರಿಂದಲೂ ಬರಬೇಕಾದ ದೋಷ. ಸೋದರ ಸಂಬಂಧದ ಮದುವೆ ನಮ್ಮಲ್ಲಿ ಸಾಮಾನ್ಯವಾದ್ದರಿಂದ ಅದನ್ನು ಕೇಳಿ. ಆದರೆ ತಾಯಿಗೆ ತಪ್ಪು ತನ್ನದೆಂದು ಅನ್ನಿಸದ ಹಾಗೆ ಕೇಳಿ.

ಟಿಎನ್‌ಎಫ್ ಅನ್ನು ತಡೆಯುವ ಇನ್‌ಫ್ಲಿಕ್ಸಿಮ್ಯಾಬ್ ಎಂಬ ಔಷಧವನ್ನು ಮೊದಲಿಗೆ 0, 2, 6ನೇ ವಾರ, ಆಮೇಲೆ ಎಂಟು ವಾರಕ್ಕೊಮ್ಮೆ ಕೊಡುತ್ತಾರೆ. 2017ರಲ್ಲಿ ಪ್ರಕಟವಾದ ರಿಸ್ಕ್ ಅಧ್ಯಯನ ಅಮೆರಿಕ, ಕೆನಡಾದ 913 ಕ್ರೋನ್ಸ್ ಮಕ್ಕಳದ್ದು. ಈ ಬಗೆಯ ಔಷಧವನ್ನು ಬೇಗ ಶುರುಮಾಡಿದವರಲ್ಲಿ ಕರುಳು ತೂತಾಗುವ ತೊಡಕು ಕಡಿಮೆಯಾಗಿತ್ತು, ಕರುಳು ಕಿರಿದಾಗುವುದು ಮಾತ್ರ ಕಡಿಮೆಯಾಗಲಿಲ್ಲ. ಕೊಡುವ ಮುಂಚೆ ಅಡಗಿದ ಟಿಬಿ ಇದೆಯೇ ನೋಡಲೇಬೇಕು. ಡೋಸ್ ತಪ್ಪಿದರೆ ದೇಹ ಔಷಧದ ವಿರುದ್ಧವೇ ಪ್ರತಿಕಾಯ ಕಟ್ಟಬಹುದು. ಗುಳೆ ಹೋಗುವ ಮನೆಯಾದರೆ ಯಾವ ತಿಂಗಳು, ಯಾವ ಊರಿಗೆ ಎಂದು ಕೇಳಿ. ಡೋಸಿನ ತಾರೀಖು, ಕೊನೆಯ ಎತ್ತರ-ತೂಕ ಎರಡನ್ನೂ ಬರೆದ ಪತ್ರ ಅವರ ಕೈಗೆ ಕೊಟ್ಟು ಕಳಿಸಿ.